ಹೆಬ್ಬೆಟ್ಟು ಇಟ್ಟ ಮೇಲೆ ಸುದ್ದಿ ಎಲ್ಲಿಗೆ ಹೋಗುತ್ತದೆ?



ನೀವು ಸಾಕ್ಷರತಾ ಕೇಂದ್ರಕ್ಕೆ ಬಂದು ಅಕ್ಷರ ಕಲಿತಿರಿ. ಹೆಬ್ಬೆಟ್ಟು ಒತ್ತುವುದನ್ನು ಬಿಟ್ಟು ಸಹಿ ಮಾಡುವುದನ್ನು ಕಲಿತಿರಿ. ಆದರೆ ರೇಷನ್ ದುಕಾನಕ್ಕೆ ಹೋದರೆ ಅಲ್ಲಿ ಮತ್ತೆ "ಹೆಬ್ಬೆಟ್ಟು ಇಡ್ರಿ" ಅಂತಾರೆ. "ನನಗ ಸಹಿ ಮಾಡಾಕ ಬರತೈತ್ರಿ" ಅಂದರೂ ಬಿಡೋದಿಲ್ಲ. ಇದೇನು, ಕಲಿತದ್ದೆಲ್ಲ ನೀರಿಗೆ ಹೋಯಿತೇ?

ಇಲ್ಲ. ಈ ಎರಡು ಹೆಬ್ಬೆಟ್ಟು ಒಂದೇ ಅಲ್ಲ. ಮೊದಲಿನ ಹೆಬ್ಬೆಟ್ಟು ಓದು ಬರಹ ಬರದವರ ಗುರುತು. ಈಗಿನ ಹೆಬ್ಬೆಟ್ಟು ಎಲ್ಲರ ಗುರುತು. ಕಲಿತ ಮಾಸ್ತರರೂ ಅದನ್ನೇ ಇಡಬೇಕು. ಆದರೆ ಒಂದು ಮಾತು. ಮಶೀನಿನ ಮೇಲೆ ಏನು ಬರೆದು ಬರುತ್ತದೆ, ಚೀಟಿಯಲ್ಲಿ ಏನು ಅಚ್ಚಾಗುತ್ತದೆ ಎಂದು ಓದಬಲ್ಲವರಿಗೂ ಓದಲಾರದವರಿಗೂ ದೊಡ್ಡ ಅಂತರ ಇದೆ. ಓದಬಲ್ಲವರು ತಮ್ಮ ಪಾಲಿನ ಕಾಳು ಬಿಟ್ಟುಕೊಡುವುದಿಲ್ಲ. ಆದ್ದರಿಂದ ಈ ಸಲ ಆ ಮಶೀನಿನ ಕಥೆ ತಿಳಿಯೋಣ.

ಮಶೀನು ಕಾಳು ಕೊಡುವುದಿಲ್ಲ, ಸುದ್ದಿ ಕಳಿಸುತ್ತದೆ

ದುಕಾನದಲ್ಲಿ ಇರುವ ಆ ಸಣ್ಣ ಡಬ್ಬಿಗೆ ಇ-ಪಾಸ್ ಮಶೀನು ಅಂತ ಹೆಸರು. ನಾವು ಅದನ್ನು ಥಂಬ್ ಮಶೀನು ಅಂತೀವಿ. ಅದರೊಳಗೆ ಒಂದು ಮೊಬೈಲ್ ಸಿಮ್ ಇರುತ್ತದೆ. ಸುದ್ದಿ ಕಳಿಸುವುದು, ಉತ್ತರ ಪಡೆಯುವುದು, ಇಷ್ಟೇ ಅದರ ಕೆಲಸ.

ಸುದ್ದಿ ಯಾರಿಗೆ? ಸರ್ವರ್‌ಗೆ. ಸರ್ವರ್ ಎಂದರೆ ದೂರದಲ್ಲಿ ಹಗಲು ರಾತ್ರಿ ಚಾಲೂ ಇರುವ ದೊಡ್ಡ ಕಂಪ್ಯೂಟರ್. ಸಾವಿರಾರು ಮಶೀನುಗಳು ಕೇಳಿದ್ದಕ್ಕೆ ಅದು ಉತ್ತರ ಕೊಡುತ್ತದೆ. ಕಚೇರಿಯಲ್ಲಿ ದಫ್ತರ ಇಟ್ಟುಕೊಂಡು ಕೂತ ಗುಮಾಸ್ತನ ಹಾಗೆ ಎನ್ನಿ. ನಿಮ್ಮ ಮನೆಯ ಲೆಕ್ಕ ಇರುವುದು ಅವನ ದಫ್ತರದಲ್ಲಿ, ದುಕಾನದ ಡಬ್ಬಿಯಲ್ಲಿ ಅಲ್ಲ.

ಮಶೀನು ಎರಡು ಬಗೆಯ ಸುದ್ದಿ ಕಳಿಸುತ್ತದೆ. ಒಂದು, ಕೇಳುವ ಸುದ್ದಿ. "ಈ ಚೀಟಿಯಲ್ಲಿ ಎಷ್ಟು ಜನ? ಈ ತಿಂಗಳು ಎಷ್ಟು ಕಾಳು ಬಾಕಿ?" ಎರಡು, ಕೊಡುವ ಸುದ್ದಿ. "ಇವರಿಗೆ ಇಷ್ಟು ಕಾಳು ಕೊಟ್ಟೆ, ಬರೆದುಕೊಳ್ಳಿರಿ." ಕಂಪ್ಯೂಟರ್ ಕೆಲಸದವರು ಮೊದಲನೆಯದಕ್ಕೆ ಗೆಟ್ ಅಂತಾರೆ, ಎರಡನೆಯದಕ್ಕೆ ಪೋಸ್ಟ್ ಅಂತಾರೆ. ಪೋಸ್ಟ್ ಎಂದರೆ ನಮ್ಮ ಟಪಾಲೇ. ಹೆಸರು ಸರಿಯಾಗಿಯೇ ಇದೆ, ಅಲ್ವಾ?

ಕೇಳುವ ಸುದ್ದಿ ಹತ್ತು ಸಲ ಹೋದರೂ ತೊಂದರೆ ಇಲ್ಲ. ಕೊಡುವ ಸುದ್ದಿ ಹಾಗಲ್ಲ. ಅದು ಹೋದ ಕೂಡಲೇ ನಿಮ್ಮ ಲೆಕ್ಕ ಬದಲಾಗುತ್ತದೆ. ಈ ಅಂತರವನ್ನು ನೆನಪಿಡಿ.

ಸುದ್ದಿಯಲ್ಲಿ ಏನು ಬರೆದಿರುತ್ತದೆ?

ನೀವು ಕೇಂದ್ರದಲ್ಲಿ ಬ್ಯಾಂಕಿನ ಫಾರಂ ತುಂಬಲು ಕಲಿತಿದ್ದೀರಿ. ಹೆಸರಿನ ಮನೆಯಲ್ಲಿ ಹೆಸರು ಬರೆಯಬೇಕು, ರೂಪಾಯಿಯ ಮನೆಯಲ್ಲಿ ರೂಪಾಯಿ ಬರೆಯಬೇಕು. ಮನೆ ತಪ್ಪಿದರೆ ಫಾರಂ ತಿರುಗಿ ಬರುತ್ತದೆ. ಮಶೀನು ಕಳಿಸುವ ಸುದ್ದಿಯೂ ಒಂದು ಫಾರಂ. ಅದರಲ್ಲಿ ಈ ಮನೆಗಳು ಇರುತ್ತವೆ:

ದುಕಾನದ ನಂಬರು
ಪಡಿತರ ಚೀಟಿಯ ನಂಬರು
ಬಂದವರು ಯಾರು
ಯಾವ ತಿಂಗಳ ಕಾಳು
ಅಕ್ಕಿ ಎಷ್ಟು, ಗೋಧಿ ಎಷ್ಟು
ದಿನಾಂಕ ಮತ್ತು ಸಮಯ
ವ್ಯವಹಾರದ ನಂಬರು

ಕೊನೆಯ ಮನೆಯನ್ನು ನೋಡಿರಿ. ವ್ಯವಹಾರದ ನಂಬರು ಪ್ರತಿ ಸಲ ಬೇರೆ ಬೇರೆ. ಸುದ್ದಿ ಎರಡು ಸಲ ಹೋದರೂ "ಇದೇ ನಂಬರು ಆಗಲೇ ಬಂದಿದೆ, ಎರಡು ಸಲ ಬರೆಯುವುದು ಬೇಡ" ಎಂದು ಸರ್ವರ್ ತಿಳಿಯುವುದು ಇಂಥ ನಂಬರಿನಿಂದಲೇ. ನಿಮ್ಮ ದೂರನ್ನು ಹುಡುಕಲಿಕ್ಕೂ ಇದೇ ನಂಬರು ಬೇಕು.

ಒಂದು ಹೆಬ್ಬೆಟ್ಟು, ಮೂರು ಕಚೇರಿ

ಈಗ ಹೆಬ್ಬೆಟ್ಟು ಇಟ್ಟಾಗ ಏನು ನಡೆಯುತ್ತದೆ ನೋಡೋಣ. ಒಂದು ಕಚೇರಿಯಿಂದ ಈ ಕೆಲಸ ಆಗುವುದಿಲ್ಲ. ಬೇರೆ ಬೇರೆ ಕಚೇರಿಗಳ ಲೆಕ್ಕ ಒಂದಕ್ಕೊಂದು ಕೂಡಬೇಕು. ಇದಕ್ಕೆ ಮಾಹಿತಿ ಜೋಡಣೆ ಎನ್ನುತ್ತಾರೆ.

ಮೊದಲನೆಯ ಹೆಜ್ಜೆ. ದುಕಾನದವರು ನಿಮ್ಮ ಚೀಟಿಯ ನಂಬರು ಒತ್ತುತ್ತಾರೆ. ಸುದ್ದಿ ರಾಜ್ಯದ ಆಹಾರ ಇಲಾಖೆಯ ಸರ್ವರ್‌ಗೆ ಹೋಗುತ್ತದೆ. ಮನೆಯವರ ಹೆಸರುಗಳು, ಬಾಕಿ ಇರುವ ಕಾಳು, ಎರಡೂ ಮಶೀನಿನ ಮೇಲೆ ಬರುತ್ತವೆ.

ಎರಡನೆಯ ಹೆಜ್ಜೆ. ಬಂದವರ ಹೆಸರು ಆರಿಸುತ್ತಾರೆ. ನೀವು ಬೆರಳು ಇಡುತ್ತೀರಿ. ಬೆರಳ ಗೆರೆಗಳನ್ನು ಮಶೀನು ಗುಪ್ತ ಲಿಪಿಗೆ ಬದಲಿಸುತ್ತದೆ. ದಾರಿಯಲ್ಲಿ ಯಾರಾದರೂ ತೆರೆದು ನೋಡಿದರೂ ಏನೂ ತಿಳಿಯಬಾರದು, ಅದಕ್ಕೆ ಹೀಗೆ. ಆ ಸುದ್ದಿ ಆಧಾರ್ ಪ್ರಾಧಿಕಾರದ ಸರ್ವರ್ ತನಕ ಹೋಗುತ್ತದೆ. ಆಧಾರ್‌ನ ದೊಡ್ಡ ದಫ್ತರಗಳು ಎರಡು ಕಡೆ ಇವೆ. ಒಂದು ಬೆಂಗಳೂರಿನಲ್ಲಿ, ಇನ್ನೊಂದು ಹರಿಯಾಣದ ಮಾನೇಸರ್‌ನಲ್ಲಿ. ಅಕ್ಕಲಕೋಟದ ಹಳ್ಳಿಯಲ್ಲಿ ಇಟ್ಟ ಬೆರಳಿಗೆ ಅಷ್ಟು ದೂರದಿಂದ ಉತ್ತರ ಬರಬೇಕು. ಎಲ್ಲ ಸರಿ ಇದ್ದರೆ ಇದಕ್ಕೆ ಕೆಲವು ಸೆಕೆಂಡು ಸಾಕು.

ಆಧಾರ್ ಕಚೇರಿ ಇಲ್ಲಿ ಹೇಳುವ ಉತ್ತರ ಚಿಕ್ಕದು. "ಹೌದು, ಇವರೇ." ಇಲ್ಲವೇ, "ಇಲ್ಲ, ಹೊಂದಲಿಲ್ಲ." ಕಾಳು ಕೊಡಬೇಕೋ ಬೇಡವೋ ಎಂದು ಅದು ಹೇಳುವುದಿಲ್ಲ. ಆ ಲೆಕ್ಕ ಅದರ ಹತ್ತಿರ ಇಲ್ಲ.

ಮೂರನೆಯ ಹೆಜ್ಜೆ. ಹೌದು ಎಂದು ಉತ್ತರ ಬಂದ ಮೇಲೆ ದುಕಾನದವರು ಅಕ್ಕಿ ಎಷ್ಟು, ಗೋಧಿ ಎಷ್ಟು ಎಂದು ತುಂಬುತ್ತಾರೆ. ಇದು ಕೊಡುವ ಸುದ್ದಿ. ರಾಜ್ಯದ ಸರ್ವರ್ ಎರಡು ಕಡೆ ಬರೆಯುತ್ತದೆ. ನಿಮ್ಮ ಮನೆಯ ಬಾಕಿಯಲ್ಲಿ ಅಷ್ಟು ಕಡಿಮೆ ಮಾಡುತ್ತದೆ. ದುಕಾನದ ದಾಸ್ತಾನಿನಲ್ಲೂ ಅಷ್ಟು ಕಡಿಮೆ ಮಾಡುತ್ತದೆ.

ನಾಲ್ಕನೆಯ ಹೆಜ್ಜೆ. ಚೀಟಿ ಅಚ್ಚಾಗಿ ಹೊರಗೆ ಬರುತ್ತದೆ.

ಐದನೆಯ ಹೆಜ್ಜೆ. ರಾಜ್ಯದ ಲೆಕ್ಕ ಕೇಂದ್ರ ಸರಕಾರದ ಲೆಕ್ಕಕ್ಕೂ ಹೋಗುತ್ತದೆ. ರಾಜ್ಯದೊಳಗಿನ ವ್ಯವಹಾರಕ್ಕೆ ಅನ್ನವಿತರಣ ಎಂಬ ವೆಬ್‌ಸೈಟು ಇದೆ. ಬೇರೆ ರಾಜ್ಯದಲ್ಲಿ ಕಾಳು ಪಡೆದರೆ ಐಎಂ-ಪಿಡಿಎಸ್ ಎಂಬ ಇನ್ನೊಂದು ವ್ಯವಸ್ಥೆ ಇದೆ.

ಇಷ್ಟೂ ಕೊಂಡಿಗಳು ಸರಪಳಿಯ ಹಾಗೆ. ಒಂದು ಕಡಿದರೂ ಕೈಗೆ ಕಾಳು ಬರುವುದಿಲ್ಲ. ಎಲ್ಲಿ ಕಡಿದಿದೆ ಎಂದು ತಿಳಿದರೆ ಅರ್ಧ ಕೆಲಸ ಆದಂತೆ.

"ಸರ್ವರ್ ಡೌನ್" ಎಂದರೆ ಏನು?

ದುಕಾನದಲ್ಲಿ ಏನೇ ಆದರೂ ಒಂದೇ ಮಾತು, "ಸರ್ವರ್ ಡೌನ್ ಐತಿ, ನಾಳೆ ಬರ್ರಿ." ಆದರೆ ತೊಂದರೆಗಳು ಒಂದೇ ಬಗೆಯವಲ್ಲ. ಮುಖ್ಯವಾಗಿ ಮೂರು ಬಗೆ.

ಒಂದು: ಸುದ್ದಿ ಹೋಗಲೇ ಇಲ್ಲ. ಊರಿನಲ್ಲಿ ನೆಟ್‌ವರ್ಕ್ ಇಲ್ಲ, ಅಥವಾ ಮಶೀನಿಗೆ ಚಾರ್ಜ್ ಇಲ್ಲ. ನಿಮ್ಮ ಲೆಕ್ಕ ಹಾಗೇ ಇರುತ್ತದೆ.

ಎರಡು: ಸುದ್ದಿ ಹೋಯಿತು, ಸರ್ವರ್ ಒಪ್ಪಲಿಲ್ಲ. ಬೆರಳು ಹೊಂದಲಿಲ್ಲ, ಅಥವಾ ನಂಬರು ತಪ್ಪಿದೆ. ಆಗಲೂ ನಿಮ್ಮ ಲೆಕ್ಕ ಹಾಗೇ ಇರುತ್ತದೆ.

ಮೂರು: ಸುದ್ದಿ ಹೋಯಿತು, ಸರ್ವರ್ ಬರೆದುಕೊಂಡಿತು, ಆದರೆ ಉತ್ತರ ತಿರುಗಿ ಬರುವಾಗ ದಾರಿಯಲ್ಲಿ ನಿಂತಿತು. ಮಶೀನು ಸ್ವಲ್ಪ ಹೊತ್ತು ಕಾಯುತ್ತದೆ. ಆಮೇಲೆ "ಆಗಲಿಲ್ಲ" ಎಂದು ಬಿಡುತ್ತದೆ. ಇದಕ್ಕೆ ಟೈಮ್ ಔಟ್ ಅಂತಾರೆ.

ಈ ಮೂರನೆಯದು ಬಹಳ ಅಪಾಯ. ಸರ್ವರ್ ದಫ್ತರದಲ್ಲಿ "ಇವರಿಗೆ ಕಾಳು ಕೊಟ್ಟಾಗಿದೆ" ಎಂದು ಬರೆದಾಗಿದೆ. ನಿಮ್ಮ ಚೀಲ ಮಾತ್ರ ಖಾಲಿ. ಮರುದಿನ ಹೋದರೆ ಮಶೀನು "ಬಾಕಿ ಇಲ್ಲ" ಎನ್ನುತ್ತದೆ. ದುಕಾನದವರು ಒಳ್ಳೆಯವರಾಗಿದ್ದರೂ ಹೀಗೆ ಆಗಬಹುದು. ಆಸೆಬುರುಕರು ಸಿಕ್ಕರಂತೂ ಕೇಳುವುದೇ ಬೇಡ. ಹೆಬ್ಬೆಟ್ಟು ಇಡಿಸಿಕೊಂಡು "ಆಗಲಿಲ್ಲ, ನಾಳೆ ಬಾ" ಎಂದು ಕಳಿಸಬಹುದು. ಓದು ಬರದವರಿಗೆ ಎರಡರ ಅಂತರ ತಿಳಿಯುವುದಿಲ್ಲ. ನಿಮಗೆ ಈಗ ತಿಳಿಯುತ್ತದೆ.

ಪರಿಹಾರ ಸುಲಭ. "ಆಗಲಿಲ್ಲ" ಎಂದಾಗ ಸುಮ್ಮನೆ ಮನೆಗೆ ಬರಬೇಡಿರಿ. "ಅಣ್ಣಾ, ಇನ್ನೊಮ್ಮೆ ಚೀಟಿ ನಂಬರು ಒತ್ತಿ ಬಾಕಿ ತೋರಸು" ಎನ್ನಿರಿ. ಇದು ಕೇಳುವ ಸುದ್ದಿ, ಎಷ್ಟು ಸಲ ಕೇಳಿದರೂ ನಷ್ಟ ಇಲ್ಲ. ಬಾಕಿ ಪೂರ್ತಿ ಇದ್ದರೆ ವ್ಯವಹಾರ ಆಗಿಲ್ಲ. ಬಾಕಿ ಕಡಿಮೆ ಆಗಿದ್ದರೆ ವ್ಯವಹಾರ ಆಗಿದೆ. ಆಗ ಕಾಳು ಅಲ್ಲೇ, ಆಗಲೇ ತಗೊಳ್ಳಬೇಕು.

ಮಶೀನಿನ ನಂಬರು ಓದಿರಿ

ಬೆರಳು ಹೊಂದದೆ ಇದ್ದಾಗ ಮಶೀನು ಒಂದು ನಂಬರು ತೋರಿಸುತ್ತದೆ. ಆಧಾರ್ ಪ್ರಾಧಿಕಾರ ಒಂದೊಂದು ತೊಂದರೆಗೆ ಒಂದೊಂದು ನಂಬರು ಕೊಟ್ಟಿದೆ. ಅಂಕಿ ಓದಲು ಬಂದರೆ ಸಾಕು, ತೊಂದರೆ ಏನೆಂದು ನೀವೇ ತಿಳಿಯಬಹುದು. ಈ ನಾಲ್ಕು ಬರೆದಿಟ್ಟುಕೊಳ್ಳಿರಿ.

300: ಬೆರಳ ಗುರುತು ಹೊಂದಲಿಲ್ಲ. ಕೈ ತೊಳೆದು ಒರೆಸಿ ಬೇರೆ ಬೆರಳು ಇಡಿರಿ.

330: ನಿಮ್ಮ ಬೆರಳ ಗುರುತಿಗೆ ಬೀಗ ಬಿದ್ದಿದೆ. ಆಧಾರ್ ಇದ್ದವರು ತಾವೇ ಹೀಗೆ ಬೀಗ ಹಾಕಬಹುದು, ತೆಗೆಯಬಹುದು. ಮನೆಯಲ್ಲಿ ಮಕ್ಕಳು ಮೊಬೈಲಿನಲ್ಲಿ ಹಾಕಿದ್ದಾರೇನೋ ಕೇಳಿರಿ.

811: ಆಧಾರ್ ದಫ್ತರದಲ್ಲಿ ನಿಮ್ಮ ಬೆರಳ ಗುರುತೇ ಇಲ್ಲ. ಆಧಾರ್ ಕೇಂದ್ರಕ್ಕೆ ಹೋಗಬೇಕು.

998: ಆಧಾರ್ ನಂಬರು ತಪ್ಪು, ಅಥವಾ ಆ ನಂಬರು ದಫ್ತರದಲ್ಲಿ ಸಿಗುತ್ತಿಲ್ಲ.

ಇನ್ನೊಂದು ಪಟ್ಟಿ ಇದೆ. ಅದು ಜಗತ್ತಿನ ಎಲ್ಲ ವೆಬ್ ಸರ್ವರ್‌ಗಳ ಪಟ್ಟಿ. ಮೊಬೈಲಿನಲ್ಲಿ ವೆಬ್‌ಸೈಟು ತೆರೆಯುವಾಗ ನೀವು ಇದನ್ನು ನೋಡಬಹುದು. 200 ಎಂದರೆ ಎಲ್ಲ ಸರಿ. 404 ಎಂದರೆ ಕೇಳಿದ ಪುಟ ಇಲ್ಲ. 503 ಎಂದರೆ ಸರ್ವರ್ ಈಗ ಕೆಲಸ ಮಾಡುತ್ತಿಲ್ಲ. ಈ ಪಟ್ಟಿಯಲ್ಲಿ 4 ರಿಂದ ಶುರುವಾದರೆ ಕಳಿಸಿದ ಸುದ್ದಿಯಲ್ಲಿ ಏನೋ ಕೊರತೆ. 5 ರಿಂದ ಶುರುವಾದರೆ ಸರ್ವರ್ ಕಡೆ ತೊಂದರೆ. ಎರಡೂ ಪಟ್ಟಿಗಳನ್ನು ಬೆರೆಸಬೇಡಿರಿ.

ಆಧಾರ್‌ನ 12 ಅಂಕಿಗಳ ಬಗ್ಗೆ ಒಂದು ಸ್ವಾರಸ್ಯ ಕೇಳಿರಿ. ಮೊದಲಿನ 11 ಅಂಕಿಗಳ ಮೇಲೆ ಲೆಕ್ಕ ಹಾಕಿ 12ನೆಯ ಅಂಕಿಯನ್ನು ಕೊಟ್ಟಿರುತ್ತಾರೆ. ಅದು ಕಾವಲುಗಾರ ಇದ್ದ ಹಾಗೆ. ಒಂದು ಅಂಕಿ ತಪ್ಪಿ ಬರೆದರೆ, ಅಥವಾ ಪಕ್ಕದ ಎರಡು ಅಂಕಿ ಹಿಂದೆ ಮುಂದೆ ಆದರೆ, ಲೆಕ್ಕ ಕೂಡುವುದಿಲ್ಲ. ಆದ್ದರಿಂದ ಕೈತಪ್ಪಿನಿಂದ ನಿಮ್ಮ ನಂಬರು ಬೇರೆಯವರ ನಂಬರಾಗುವುದು ಅಪರೂಪ.

ದುಡಿಯುವ ಕೈಗಳ ತೊಂದರೆ

ಬೀಡಿ ಕಟ್ಟುವವರು, ಕಬ್ಬು ಕಡಿಯುವವರು, ಮಗ್ಗದಲ್ಲಿ ದುಡಿಯುವವರು, ಸಿಮೆಂಟು ಕಲಸುವವರು ನಮ್ಮ ಸೊಲ್ಲಾಪುರ ಜಿಲ್ಲೆಯಲ್ಲಿ ಬಹಳ. ಇವರ ಬೆರಳ ಗೆರೆಗಳು ಸವೆಯುತ್ತವೆ. ವಯಸ್ಸಾದವರ ಗೆರೆಗಳು ತೆಳುವಾಗುತ್ತವೆ. ಮಶೀನಿಗೆ ಅದು ಗೊತ್ತಾಗುವುದಿಲ್ಲ. ಅದು "ಇಲ್ಲ" ಎನ್ನುತ್ತದೆ. ದುಡಿದ ಕೈಗೇ "ಇಲ್ಲ" ಎನ್ನುವುದು ನೋವಿನ ಮಾತು. ಆದರೆ ದಾರಿಗಳಿವೆ.

ಹತ್ತೂ ಬೆರಳುಗಳ ಗುರುತನ್ನು ಆಧಾರ್ ತೆಗೆದುಕೊಂಡಿರುತ್ತದೆ. ಹೆಬ್ಬೆಟ್ಟೇ ಬೇಕು ಎಂದೇನಿಲ್ಲ. ಯಾವ ಬೆರಳು ಚೆನ್ನಾಗಿ ಹೊಂದುತ್ತದೆ ಎಂದು ಒಮ್ಮೆ ನೋಡಿ ನೆನಪಿಟ್ಟುಕೊಳ್ಳಿರಿ. ಚೀಟಿಯಲ್ಲಿ ಹೆಸರಿರುವ ಮನೆಯ ಬೇರೆಯವರು ಬೆರಳು ಇಡಬಹುದು. ಕೆಲವು ಕಡೆ ಕಣ್ಣಿನ ಪಾಪೆ ನೋಡುವ ಮಶೀನು ಇದೆ. ಕೆಲವು ಕಡೆ ಮೊಬೈಲಿಗೆ ಬರುವ ಓಟಿಪಿ ನಂಬರಿನಿಂದಲೂ ಆಗುತ್ತದೆ. ಅದಕ್ಕೆ ನಿಮ್ಮ ಮೊಬೈಲ್ ನಂಬರು ಆಧಾರ್‌ಗೆ ಜೋಡಣೆ ಆಗಿರಬೇಕು. ಆದರೆ ಎಚ್ಚರ. ಓಟಿಪಿ ದುಕಾನದಲ್ಲಿ ನಿಮ್ಮ ಎದುರಿಗೆ ಮಾತ್ರ. ಫೋನು ಮಾಡಿ ಕೇಳಿದವರಿಗೆ ಯಾರಿಗೂ ಹೇಳಬೇಡಿರಿ.

ಇದ್ಯಾವುದೂ ಆಗದಿದ್ದರೆ? ಆಗಲೂ ಕಾಳು ಸಿಗಲೇಬೇಕು. ಇದು ದಯೆಯಲ್ಲ, ನಿಮ್ಮ ಹಕ್ಕು.

ಕಾಯ್ದೆ ಏನು ಹೇಳುತ್ತದೆ?

2013ರಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಂತು. ಅದರ ಪ್ರಕಾರ ಆದ್ಯತಾ ಕುಟುಂಬದಲ್ಲಿ ಒಬ್ಬರಿಗೆ ತಿಂಗಳಿಗೆ 5 ಕಿಲೋ ಕಾಳು. ಅಂತ್ಯೋದಯ ಚೀಟಿ ಇದ್ದರೆ ಮನೆಗೆ ತಿಂಗಳಿಗೆ 35 ಕಿಲೋ. 2023ರ ಜನವರಿಯಿಂದ ಈ ಕಾಳು ಉಚಿತ. 2024ರ ಜನವರಿ 1 ರಿಂದ ಐದು ವರ್ಷ ಉಚಿತವಾಗಿಯೇ ಕೊಡುವುದು ಎಂದು ಕೇಂದ್ರ ಸರಕಾರ ತೀರ್ಮಾನ ಮಾಡಿದೆ.

2017ರ ಸೆಪ್ಟೆಂಬರ್‌ನಲ್ಲಿ ಜಾರ್ಖಂಡ್ ರಾಜ್ಯದ ಸಿಮ್ಡೇಗಾ ಜಿಲ್ಲೆಯಲ್ಲಿ 11 ವರ್ಷದ ಒಬ್ಬ ಹುಡುಗಿ ತೀರಿಕೊಂಡಳು. ಮನೆಯ ಚೀಟಿ ರದ್ದಾಗಿತ್ತು, ಆಧಾರ್ ಜೋಡಣೆ ಆಗಿಲ್ಲ ಎಂದು ತಿಂಗಳುಗಟ್ಟಲೆ ಕಾಳು ಸಿಗಲಿಲ್ಲ, ಹಸಿವಿನಿಂದ ಮಗು ಹೋಯಿತು ಎಂದು ಮನೆಯವರು ಹೇಳಿದರು. ಕಾಯಿಲೆಯಿಂದ ಹೋದಳು ಎಂದು ಅಧಿಕಾರಿಗಳು ಹೇಳಿದರು. ದೇಶದ ತುಂಬ ಈ ಸುದ್ದಿ ಹಬ್ಬಿತು.

ಮರುತಿಂಗಳು, 2017ರ ಅಕ್ಟೋಬರ್ 24 ರಂದು, ಕೇಂದ್ರ ಆಹಾರ ಇಲಾಖೆ ಎಲ್ಲ ರಾಜ್ಯಗಳಿಗೂ ಪತ್ರ ಬರೆಯಿತು. ಆಧಾರ್ ಇಲ್ಲ ಎಂಬ ಒಂದೇ ಕಾರಣಕ್ಕೆ ಯಾರ ಹೆಸರನ್ನೂ ತೆಗೆಯಬಾರದು. ನೆಟ್‌ವರ್ಕ್ ಇಲ್ಲದಿದ್ದರೂ, ಬೆರಳು ಹೊಂದದಿದ್ದರೂ, ಜೋಡಣೆಯಲ್ಲಿ ತೊಂದರೆ ಇದ್ದರೂ ಕಾಳು ಕೊಡದೆ ಕಳಿಸಬಾರದು. ಪತ್ರದ ಸಾರ ಇದು. ಇಂಥವರಿಗೆ ಚೀಟಿ ನೋಡಿ ಕಾಳು ಕೊಟ್ಟು, ಬೇರೆ ರಿಜಿಸ್ಟರಿನಲ್ಲಿ ಬರೆದಿಡಬೇಕು.

ಆಧಾರ್ ಬಗ್ಗೆ ಸುಪ್ರೀಂ ಕೋರ್ಟಿನಲ್ಲೂ ದೊಡ್ಡ ಮೊಕದ್ದಮೆ ನಡೆಯಿತು. ಅದನ್ನು 2012ರಲ್ಲಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ.ಎಸ್. ಪುಟ್ಟಸ್ವಾಮಿ. 2018ರ ಸೆಪ್ಟೆಂಬರ್ 26 ರಂದು ತೀರ್ಪು ಬಂತು. ಸರಕಾರದ ಸಹಾಯಕ್ಕೆ ಆಧಾರ್ ಕೇಳಬಹುದು ಎಂದು ಕೋರ್ಟು ಒಪ್ಪಿತು. ಆದರೆ ಬೆರಳು ಹೊಂದಲಿಲ್ಲ ಎಂದು ಹಕ್ಕಿದ್ದವರಿಗೆ ಸಹಾಯ ತಪ್ಪಬಾರದು ಎಂದೂ ಹೇಳಿತು.

ಆದ್ದರಿಂದ "ಸರ್ವರ್ ಡೌನ್" ಎಂಬುದು ಕಾರಣ ಇರಬಹುದು. ಅದು ಕೊನೆಯ ಮಾತಲ್ಲ.

ಒಂದೇ ಹೆಸರು, ಮೂರು ಬರಹ

ಈಗ ನಮ್ಮಂಥ ಗಡಿ ಊರಿನವರ ವಿಶೇಷ ತೊಂದರೆಗೆ ಬರೋಣ. ಎರಡು ದಫ್ತರಗಳ ಲೆಕ್ಕ ಕೂಡಬೇಕಾದರೆ ಎರಡರಲ್ಲೂ ಹೆಸರು ಒಂದೇ ರೀತಿ ಇರಬೇಕು. ನಮಗೆ "ಚೆನ್ನಪ್ಪ" ಮತ್ತು "ಚನ್ನಪ್ಪಾ" ಒಂದೇ. ಕಂಪ್ಯೂಟರ್‌ಗೆ ಅವು ಬೇರೆ ಬೇರೆ. ಅದು ಅಕ್ಷರಕ್ಕೆ ಅಕ್ಷರ ಕೂಡಿಸಿ ನೋಡುತ್ತದೆ.

ನಾವು ಮನೆಯಲ್ಲಿ ಕನ್ನಡದಲ್ಲಿ ಹೆಸರು ಹೇಳುತ್ತೇವೆ. ಕಚೇರಿಯಲ್ಲಿ ಮರಾಠಿಯಲ್ಲಿ ಬರೆಯುತ್ತಾರೆ. ಆಮೇಲೆ ಅದು ಇಂಗ್ಲಿಷಿಗೆ ಹೋಗುತ್ತದೆ. ಮರಾಠಿಯಲ್ಲಿ ನಮ್ಮ ಹಾಗೆ ಗಿಡ್ಡ "ಎ", ಗಿಡ್ಡ "ಒ" ಬೇರೆ ಅಕ್ಷರಗಳಾಗಿ ಇಲ್ಲ. ಹೀಗಾಗಿ ಚೆನ್ನಪ್ಪ ಎಂಬುದು ಒಂದು ಕಡೆ ಚೇನ್ನಪ್ಪಾ, ಒಂದು ಕಡೆ ಚನ್ನಪ್ಪಾ ಆಗುತ್ತದೆ. ತಾಳವಾಡಿ, ಹೊಸೂರಿನ ಕಡೆ ಇನ್ನೊಂದು ಬಗೆ. ತಮಿಳಿನಲ್ಲಿ "ಕ" ಮತ್ತು "ಗ" ಎರಡಕ್ಕೂ ಒಂದೇ ಅಕ್ಷರ. ಗಂಗಮ್ಮ ಎಂದು ತಮಿಳಿನಲ್ಲಿ ಬರೆದು ಅಲ್ಲಿಂದ ಇಂಗ್ಲಿಷಿಗೆ ಹೋದರೆ ಕಂಗಮ್ಮ ಆಗಬಹುದು. ತಪ್ಪು ಅವರದಲ್ಲ, ಗಂಗಮ್ಮನದೂ ಅಲ್ಲ. ಲಿಪಿ ಬದಲಾದಾಗ ಹೆಸರಿಗೆ ಬಿದ್ದ ಪೆಟ್ಟು ಅದು.

ಇನ್ನೊಂದು ತೊಂದರೆ ಸೊಸೆಯಂದಿರದು. ಆಳಂದ, ಅಫಜಲಪುರ, ಇಂಡಿಯಿಂದ ನಮ್ಮ ಕಡೆಗೆ ಹೆಣ್ಣು ತರುತ್ತೇವೆ. ತವರುಮನೆಯ ಚೀಟಿಯಲ್ಲಿ ಅವಳ ಹೆಸರು ಹಾಗೇ ಇರುತ್ತದೆ. ಇಲ್ಲಿ ಹೆಸರು ಸೇರಿಸಲು ಹೋದರೆ ಆಗುವುದಿಲ್ಲ. ಒಬ್ಬರ ಆಧಾರ್ ಎರಡು ಚೀಟಿಗಳಲ್ಲಿ ಇರುವಂತಿಲ್ಲ. ಮೊದಲು ತವರಿನ ಚೀಟಿಯಿಂದ ಹೆಸರು ತೆಗೆಸಿ, ತೆಗೆದದ್ದಕ್ಕೆ ದಾಖಲೆ ತರಬೇಕು. ಮದುವೆಯಾದ ಮೇಲೆ ಮೊದಲ ಕೆಲಸಗಳಲ್ಲಿ ಇದೂ ಒಂದು ಇರಲಿ.

ನೀವು ಮಾಡಬೇಕಾದದ್ದು ಏನು? ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್ಕು, ಮೂರನ್ನೂ ಒಂದು ಸಂಜೆ ಎದುರಿಗೆ ಇಟ್ಟುಕೊಳ್ಳಿರಿ. ಹೆಸರನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿರಿ. ಇಂಗ್ಲಿಷ್ ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳನ್ನು ಕೂರಿಸಿಕೊಳ್ಳಿರಿ. ಅಂತರ ಕಂಡರೆ ತೊಂದರೆ ಬರುವ ಮೊದಲೇ ತಿದ್ದಿಸಿರಿ. ಇನ್ನು ಮುಂದೆ ಯಾರಾದರೂ ನಿಮ್ಮ ಹೆಸರು ಬರೆದುಕೊಳ್ಳುವಾಗ ಬಾಯಿಂದ ಹೇಳಬೇಡಿರಿ. ಕಾರ್ಡು ತೋರಿಸಿರಿ.

ದುಡಿಯಲು ಹೋದ ಊರಿನಲ್ಲೂ ಕಾಳು

ಈ ಜೋಡಣೆಯಿಂದ ಒಂದು ದೊಡ್ಡ ಅನುಕೂಲವೂ ಆಗಿದೆ. ಮೊದಲು ಊರು ಬಿಟ್ಟು ದುಡಿಯಲು ಹೋದರೆ ರೇಷನ್ ಹೋಯಿತು ಎಂದೇ ಲೆಕ್ಕ. ಈಗ ಹಾಗಿಲ್ಲ. "ಒಂದು ದೇಶ, ಒಂದು ಪಡಿತರ ಚೀಟಿ" ಎಂಬ ವ್ಯವಸ್ಥೆ ಬಂದಿದೆ. 2019ರ ಆಗಸ್ಟ್ 9 ರಂದು ಅದು ಶುರುವಾಯಿತು. ಆಗ ಮಹಾರಾಷ್ಟ್ರ ಮತ್ತು ಗುಜರಾತ್ ಒಂದು ಜೋಡಿ, ಆಂಧ್ರ ಮತ್ತು ತೆಲಂಗಾಣ ಇನ್ನೊಂದು ಜೋಡಿ. 2020ರ ಜನವರಿ 1 ರಿಂದ ಕರ್ನಾಟಕ, ಕೇರಳ, ಗೋವಾ ಸೇರಿ 12 ರಾಜ್ಯಗಳಾದವು. ಅದೇ ವರ್ಷ ಅಕ್ಟೋಬರ್‌ನಲ್ಲಿ ತಮಿಳುನಾಡು ಸೇರಿತು. 2022ರ ಜೂನ್‌ನಲ್ಲಿ ಅಸ್ಸಾಂ ಸೇರಿದ ಮೇಲೆ ಇಡೀ ದೇಶ ಒಂದಾಯಿತು.

ಅಂದರೆ ನೀವು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದರೆ ಅಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲಿ ನಿಮ್ಮ ಚೀಟಿಯ ನಂಬರು ಅಥವಾ ಆಧಾರ್ ನಂಬರು ಹೇಳಿ, ಬೆರಳು ಇಟ್ಟು ಕಾಳು ಪಡೆಯಬಹುದು. ಅಲ್ಲಿಯ ಮಶೀನು ಇಲ್ಲಿಯ ಲೆಕ್ಕವನ್ನು ಕೇಳಿ ತಿಳಿಯುತ್ತದೆ. ಊರಿನಲ್ಲಿ ಉಳಿದ ಅವ್ವ ಅಪ್ಪ ತಮ್ಮ ಪಾಲನ್ನು ಊರಲ್ಲೇ ಪಡೆಯಬಹುದು. ಲೆಕ್ಕ ಒಂದೇ ಆದ್ದರಿಂದ ನೀವು ಅಲ್ಲಿ ಪೂರ್ತಿ ತಗೊಂಡರೆ ಅವ್ವನಿಗೆ ಇಲ್ಲಿ ಏನೂ ಉಳಿಯುವುದಿಲ್ಲ. ಮೊದಲೇ ಫೋನಿನಲ್ಲಿ ಮಾತಾಡಿಕೊಳ್ಳಿರಿ.

ಒಂದು ಮಾತು ತಿಳಿದಿರಲಿ. ಬೇರೆ ರಾಜ್ಯದಲ್ಲಿ ಸಿಗುವುದು ಕೇಂದ್ರದ ಕಾಯ್ದೆಯ ಪಾಲು ಮಾತ್ರ. ಆ ರಾಜ್ಯ ತನ್ನ ಜನರಿಗೆ ಹೆಚ್ಚಿಗೆ ಕೊಡುವ ಕಾಳು ನಮಗೆ ಸಿಗುವುದಿಲ್ಲ.

ದುಕಾನದಲ್ಲಿ ಈ ಆರು ಮಾತು ಮರೆಯಬೇಡಿರಿ

1. ಬೆರಳು ಇಡುವ ಮೊದಲು ಬಾಕಿ ಎಷ್ಟು ಎಂದು ಮಶೀನಿನಲ್ಲಿ ಓದಿರಿ.

2. ಸುಮ್ಮಸುಮ್ಮನೆ ಮೂರು ನಾಲ್ಕು ಸಲ ಬೆರಳು ಇಡಬೇಡಿರಿ. ಪ್ರತಿ ಸಲ ಯಾಕೆ ಎಂದು ಕೇಳಿರಿ.

3. ಅಚ್ಚಾದ ಚೀಟಿ ಕೇಳಿ ಪಡೆಯಿರಿ. ಚೀಟಿಯಲ್ಲಿ ಇರುವ ಕಿಲೋ, ಚೀಲದಲ್ಲಿ ಇರುವ ಕಿಲೋ ಒಂದೇ ಇರಬೇಕು.

4. ಬೆರಳು ಹೊಂದಿದ ಮೇಲೆ "ಕಾಳು ನಾಳೆ" ಎಂದರೆ ಒಪ್ಪಬೇಡಿರಿ.

5. ಕಾಳು ಸಿಗದಿದ್ದರೆ ದಿನಾಂಕ, ಸಮಯ, ಮಶೀನು ತೋರಿಸಿದ ನಂಬರು ಬರೆದಿಟ್ಟುಕೊಳ್ಳಿರಿ.

6. ಚೀಟಿಗಳನ್ನು ಒಂದು ಮೊಳೆಗೆ ಚುಚ್ಚಿ ಇಡಿರಿ. ವರ್ಷದ ಲೆಕ್ಕ ಕೈಯಲ್ಲಿ ಇರುತ್ತದೆ.

ದೂರು ಹೇಳುವುದು ಎಲ್ಲಿ?

ರೇಷನ್ ದೂರಿಗೆ 1967 ನಂಬರಿಗೆ ಫೋನು ಮಾಡಿರಿ. ಆಧಾರ್ ತೊಂದರೆಗೆ 1947. ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಯಲ್ಲಿ ದೂರು ಕೇಳುವ ಅಧಿಕಾರಿ ಇರಬೇಕು. ಅವರ ಮೇಲೆ ರಾಜ್ಯ ಆಹಾರ ಆಯೋಗ ಇದೆ. ಕಾಯ್ದೆಯ ಪಾಲು ಸಿಗದೇ ಹೋದರೆ ಆಹಾರ ಭದ್ರತಾ ಭತ್ಯೆ ಕೇಳುವ ಹಕ್ಕೂ ಇದೆ.

ಬಾಯಿ ಮಾತು ಗಾಳಿಗೆ ಹೋಗುತ್ತದೆ. ಬರೆದದ್ದು ಉಳಿಯುತ್ತದೆ. ಆದ್ದರಿಂದ ಅರ್ಜಿ ಬರೆಯಿರಿ. ಮೊದಲು ಕನ್ನಡದಲ್ಲಿ ಬರೆದುಕೊಳ್ಳಿರಿ. ಕಚೇರಿಗೆ ಮರಾಠಿಯಲ್ಲಿ ಬೇಕಾದರೆ ಮಕ್ಕಳಿಂದ ಅಥವಾ ಕೇಂದ್ರದ ಪ್ರೇರಕರಿಂದ ಬರೆಸಿಕೊಳ್ಳಿರಿ. ಮಾದರಿ ಇಲ್ಲಿದೆ.

ಮಾನ್ಯ ತಹಶೀಲದಾರ ಸಾಹೇಬರಿಗೆ,

ನನ್ನ ಪಡಿತರ ಚೀಟಿಯ ನಂಬರು ............ ದುಕಾನದ ನಂಬರು ............ ದಿನಾಂಕ ............ ರಂದು ನಾನು ಕಾಳು ತರಲು ಹೋಗಿದ್ದೆ. ಮಶೀನಿನಲ್ಲಿ ............ ಎಂದು ಬಂತು. ನನಗೆ ಕಾಳು ಸಿಗಲಿಲ್ಲ. ಈ ತಿಂಗಳು ನನಗೆ ............ ಕಿಲೋ ಬರಬೇಕು. ಲೆಕ್ಕ ನೋಡಿ, ನನ್ನ ಪಾಲಿನ ಕಾಳು ಕೊಡಿಸಬೇಕಾಗಿ ವಿನಂತಿ.

ಸಹಿ ............

ಈ ಅರ್ಜಿಯ ಎರಡು ಪ್ರತಿ ಮಾಡಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಕಚೇರಿಯ ಶಿಕ್ಕೆ ಹಾಕಿಸಿಕೊಳ್ಳಿರಿ. ಈ ಶಿಕ್ಕೆ ಕೂಡ ಒಂದು ಉತ್ತರವೇ. ನಿಮ್ಮ ಸುದ್ದಿ ತಲುಪಿತು ಎಂಬ ಗುರುತು.

ನೋಡಿರಿ, ಕೊನೆಯಲ್ಲಿ "ಸಹಿ" ಎಂದಿದೆ. ಅಲ್ಲಿ ಹೆಬ್ಬೆಟ್ಟು ಬೇಡ. ನೀವು ಕಲಿತ ಸಹಿಯನ್ನೇ ಮಾಡಿರಿ.

ಹೊಸ ಪದಗಳು

ಸರ್ವರ್: ಲೆಕ್ಕ ಇಟ್ಟುಕೊಂಡು ಉತ್ತರ ಕೊಡುವ ದೂರದ ಕಂಪ್ಯೂಟರ್
ಟೈಮ್ ಔಟ್: ಕಾದರೂ ಉತ್ತರ ಬರದೆ ಮಶೀನು ಕೈಬಿಡುವುದು
ಮಾಹಿತಿ ಜೋಡಣೆ: ಬೇರೆ ಬೇರೆ ದಫ್ತರಗಳ ಲೆಕ್ಕ ಕೂಡಿಸುವುದು
ಗುಪ್ತ ಲಿಪಿ: ಬೇರೆಯವರು ಓದಲಾಗದಂತೆ ಬದಲಿಸಿದ ಬರಹ
ದಾಸ್ತಾನು: ದುಕಾನದಲ್ಲಿ ಉಳಿದ ಸರಕು

ಓದಿರಿ, ಉತ್ತರ ಬರೆಯಿರಿ

1. ಕೇಳುವ ಸುದ್ದಿಗೂ ಕೊಡುವ ಸುದ್ದಿಗೂ ಏನು ಅಂತರ?

2. ಮಶೀನಿನಲ್ಲಿ 300 ಎಂದು ಬಂದರೆ ಏನು ಅರ್ಥ? ನೀವು ಏನು ಮಾಡುವಿರಿ?

3. ಆದ್ಯತಾ ಚೀಟಿಯಲ್ಲಿ 6 ಜನ ಇದ್ದಾರೆ. ತಿಂಗಳಿಗೆ ಎಷ್ಟು ಕಿಲೋ ಬರಬೇಕು? ಮಗ ಬೆಂಗಳೂರಿನಲ್ಲಿ 10 ಕಿಲೋ ತಗೊಂಡ. ಊರಿನಲ್ಲಿ ಎಷ್ಟು ಉಳಿಯಿತು?

4. ನಿಮ್ಮ ಆಧಾರ್ ಮತ್ತು ಪಡಿತರ ಚೀಟಿಯಲ್ಲಿ ಹೆಸರು ಹೇಗಿದೆ? ಎರಡನ್ನೂ ಒಂದರ ಕೆಳಗೆ ಒಂದು ಬರೆಯಿರಿ. ಅಂತರ ಇದ್ದರೆ ಆ ಅಕ್ಷರಕ್ಕೆ ಗೆರೆ ಎಳೆಯಿರಿ.

5. ಓದಲು ಬಾರದ ನೆರೆಮನೆಯವರ ಜೊತೆ ಈ ತಿಂಗಳು ದುಕಾನಕ್ಕೆ ಹೋಗಿರಿ. ಅವರ ಚೀಟಿಯನ್ನು ಅವರಿಗೆ ಓದಿ ಹೇಳಿರಿ.